ಹಸಿರು ಮರಹೆಬ್ಬಾವು

ಹಸಿರು ಮರಹೆಬ್ಬಾವು ನ್ಯೂಗಿನಿ ದ್ವೀಪ, ಅದರ ಸುತ್ತಲಿನ ಕೆಲವು ಚಿಕ್ಕ ದ್ವೀಪಗಳು ಹಾಗೂ ಆಸ್ಟ್ರೇಲಿಯಾದ ಕೇಪ್ ಯಾರ್ಕ್ ಪರ್ಯಾಯದ್ವೀಪದ ಮಳೆಕಾಡುಗಳಲ್ಲಿ ವಾಸಿಸುವ ವಿಷರಹಿತ ಹಾವು. ಪೈಥಾನಿಡೇ ಕುಟುಂಬಕ್ಕೆ ಸೇರಿದ ಇದರ ವೈಜ್ಞಾನಿಕ ಹೆಸರು ಮೊರೇಲಿಯಾ ವಿರಿಡಿಸ್. ಜೀವಿತದ ಬಹುಭಾಗವನ್ನು ಕೊಂಬೆಯ ಮೇಲೆ ಸುರುಳಿ ಸುತ್ತಿಕೊಂಡು ಕಳೆಯುವ ಈ ಹಾವು ತನ್ನ ಬಣ್ಣದಿಂದಾಗಿ ಜಗತ್ತಿನ ಹಾವು ಸಾಕುವವರಲ್ಲಿ ಬಹಳ ಬೇಡಿಕೆ ಪಡೆದಿದೆ. ಆದರೆ ಸಾಕಲು ಕಷ್ಟವಾದ ಹಾವುಗಳ ಸಾಲಿನಲ್ಲಿಯೂ ಇದರ ಹೆಸರು ಮುಂದೆ ಇದೆ. ಈ ಕಷ್ಟದ ಬಹುಪಾಲು ಗೂಡಿನ ಸಲಕರಣೆಗಳಿಗೆ ಸಂಬಂಧಿಸಿದ್ದಲ್ಲ. ಹಾವು ಎಲ್ಲಿಂದ ಬಂತು, ಯಾವ ಸ್ಥಿತಿಯಲ್ಲಿ ಬಂತು ಎಂಬುದಕ್ಕೆ ಸಂಬಂಧಿಸಿದ್ದು.

ಹೆಸರು ಮತ್ತು ವರ್ಗೀಕರಣ

ಜರ್ಮನ್ ಮೂಲದ ಪ್ರಾಣಿಶಾಸ್ತ್ರಜ್ಞ ಹರ್ಮನ್ ಶ್ಲೇಗೆಲ್ 1872ರಲ್ಲಿ ಈ ಹಾವನ್ನು ಪೈಥಾನ್ ವಿರಿಡಿಸ್ ಎಂಬ ಹೆಸರಿನಿಂದ ವರ್ಣಿಸಿದನು. ಲ್ಯಾಟಿನ್ ಭಾಷೆಯ ವಿರಿಡಿಸ್ ಎಂಬ ಪದಕ್ಕೆ ಹಸಿರು ಎಂದರ್ಥ. ಮುಂದೆ ದೀರ್ಘಕಾಲ ಇದು ಕಾಂಡ್ರೊಪೈಥಾನ್ ಎಂಬ ಪ್ರತ್ಯೇಕ ಕುಲದಲ್ಲಿತ್ತು. 1990ರ ದಶಕದಲ್ಲಿ ಅಮೆರಿಕದ ಆರ್ನಲ್ಡ್ ಕ್ಲೂಗೆ ಇದನ್ನು ಮೊರೇಲಿಯಾ ಕುಲಕ್ಕೆ ಸೇರಿಸಿದ ಮೇಲೆ ಹಳೆಯ ಹೆಸರು ಶಾಸ್ತ್ರಗ್ರಂಥಗಳಿಂದ ಮರೆಯಾಯಿತು; ಸಾಕುವವರ ಬಾಯಲ್ಲಿ ಮಾತ್ರ ‘ಕಾಂಡ್ರೊ’ ಎಂಬ ಮೊಟಕು ರೂಪ ಇಂದಿಗೂ ಉಳಿದಿದೆ.

2020ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೊಂದು ಈ ಹಾವುಗಳನ್ನು ಎರಡು ಪ್ರಭೇದಗಳಾಗಿ ವಿಂಗಡಿಸಿತು. ನ್ಯೂಗಿನಿಯನ್ನು ಉದ್ದಕ್ಕೂ ಸೀಳುವ ಪರ್ವತಶ್ರೇಣಿಯ ದಕ್ಷಿಣದಲ್ಲಿ, ಆರು ದ್ವೀಪಗಳಲ್ಲಿ ಮತ್ತು ಆಸ್ಟ್ರೇಲಿಯಾದಲ್ಲಿರುವವು ಮೊರೇಲಿಯಾ ವಿರಿಡಿಸ್; ಪರ್ವತದ ಉತ್ತರಕ್ಕೂ ಬಿಯಾಕ್ ದ್ವೀಪದಲ್ಲಿಯೂ ಇರುವವು ಮೊರೇಲಿಯಾ ಅಜೂರಿಯಾ. (ಇಲ್ಲಿ ‘ಆರು’ ಎಂಬುದು ದ್ವೀಪಸಮೂಹದ ಹೆಸರು, ಸಂಖ್ಯೆಯಲ್ಲ.) ಎರಡನ್ನೂ ಸಾಕುವ ಕ್ರಮ ಒಂದೇ ಆದ್ದರಿಂದ ಈ ಲೇಖನದಲ್ಲಿ ಅವುಗಳನ್ನು ಒಟ್ಟಾಗಿಯೇ ಪರಿಗಣಿಸಲಾಗಿದೆ.

ಕರ್ನಾಟಕದ ತೋಟ, ಕಾಡುಗಳಲ್ಲಿ ಕಾಣುವ ಹಸಿರು ಹಾವಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ನಮ್ಮ ಹಸಿರು ಹಾವು ಚೂಪು ಮೂತಿಯ, ಬಳ್ಳಿಯಂತೆ ತೆಳುವಾದ, ಅಲ್ಪ ವಿಷವುಳ್ಳ ಬೇರೆಯೇ ಗುಂಪಿನ ಪ್ರಾಣಿ. ಮರಹೆಬ್ಬಾವನ್ನು ನಿಜವಾಗಿ ಹೋಲುವುದು ದಕ್ಷಿಣ ಅಮೆರಿಕದ ಪಚ್ಚೆ ಮರಬೋವಾ. ಅದೇ ಹಸಿರು, ಅದೇ ಬಿಳಿಯ ಗುರುತುಗಳು, ಕೊಂಬೆಯ ಮೇಲೆ ಕೂರುವ ಅದೇ ಭಂಗಿ. ಆದರೂ ಬೋವಾ ಮರಿ ಹಾಕುತ್ತದೆ, ಹೆಬ್ಬಾವು ಮೊಟ್ಟೆಯಿಡುತ್ತದೆ. ಎರಡು ಖಂಡಗಳಲ್ಲಿ ಒಂದೇ ಬಗೆಯ ಬದುಕಿಗೆ ಒಗ್ಗಿ, ಬೇರೆ ಬೇರೆ ವಂಶದ ಎರಡು ಹಾವುಗಳು ಒಂದೇ ರೂಪ ತಳೆದಿರುವುದನ್ನು ಅಭಿಸಾರಿ ವಿಕಾಸಕ್ಕೆ ಉತ್ತಮ ನಿದರ್ಶನವೆಂದು ಪಠ್ಯಪುಸ್ತಕಗಳು ಉದಾಹರಿಸುತ್ತವೆ.

ದೇಹಲಕ್ಷಣ ಮತ್ತು ಬಣ್ಣ

ಬೆಳೆದ ಹಾವಿನ ಉದ್ದ ಸಾಮಾನ್ಯವಾಗಿ 1.2ರಿಂದ 1.8 ಮೀಟರ್. ಹೆಣ್ಣು ಗಂಡಿಗಿಂತ ತೂಕದಲ್ಲಿ ಹೆಚ್ಚು. ತಲೆ ಅಗಲ, ಕತ್ತು ಸಣ್ಣ, ಬಾಲವು ಕೊಂಬೆಯನ್ನು ಬಿಗಿಯಾಗಿ ಹಿಡಿಯಬಲ್ಲದು. ತುಟಿಯ ಹುರುಪೆಗಳಲ್ಲಿ ಶಾಖವನ್ನು ಗ್ರಹಿಸುವ ಕುಳಿಗಳಿದ್ದು, ಕತ್ತಲೆಯಲ್ಲಿಯೂ ಬಿಸಿರಕ್ತದ ಬೇಟೆಯ ಇರವನ್ನು ಅವು ತಿಳಿಸುತ್ತವೆ. ಮುಂದಿನ ಹಲ್ಲುಗಳು ದೇಹದ ಗಾತ್ರಕ್ಕೆ ಹೋಲಿಸಿದರೆ ಬಹಳ ಉದ್ದ.

ಮರಿಗಳು ಹಸಿರಾಗಿರುವುದಿಲ್ಲ. ಮೊಟ್ಟೆಯೊಡೆದು ಬರುವಾಗ ಅವು ಹೊಳೆಯುವ ಹಳದಿ, ಇಲ್ಲವೇ ಇಟ್ಟಿಗೆ ಕೆಂಪು ಅಥವಾ ಕಂದುಗೆಂಪು ಬಣ್ಣದಲ್ಲಿರುತ್ತವೆ. ಕೆಲವು ಪ್ರದೇಶಗಳ ತಾಯಿಯ ಒಂದೇ ಗುಂಪಿನ ಮೊಟ್ಟೆಗಳಿಂದ ಎರಡೂ ಬಣ್ಣದ ಮರಿಗಳು ಬರುವುದುಂಟು. ಆಸ್ಟ್ರೇಲಿಯಾದಲ್ಲಿ ಹಳದಿ ಮರಿಗಳು ಮಾತ್ರ. ಅಲ್ಲಿನ ಐರನ್ ರೇಂಜ್ ಕಾಡಿನಲ್ಲಿ ನಡೆದ ಅಧ್ಯಯನವು ಈ ಬಣ್ಣಬದಲಾವಣೆಯ ಅರ್ಥವನ್ನು ಬಿಡಿಸಿತು. ಹಳದಿ ಮರಿಗಳು ಕಾಡಿನ ಅಂಚಿನಲ್ಲಿ, ಬೆಳಕು ಬೀಳುವ ತೆರಪುಗಳಲ್ಲಿ, ನೆಲಕ್ಕೆ ಹತ್ತಿರವಾಗಿ ಇದ್ದು ಚಿಕ್ಕ ಹಲ್ಲಿಜಾತಿಯ ಪ್ರಾಣಿಗಳನ್ನೂ ಕೀಟಗಳನ್ನೂ ಹಿಡಿಯುತ್ತವೆ. ಅಲ್ಲಿನ ಎಲೆ, ಹುಲ್ಲುಗಳ ನಡುವೆ ಹಳದಿಯೇ ಒಳ್ಳೆಯ ಮರೆ. ಸುಮಾರು 55 ಸೆಂ.ಮೀ. ಉದ್ದವಾಗುವ ಹೊತ್ತಿಗೆ ಬಣ್ಣ ಹಸಿರಿಗೆ ತಿರುಗುತ್ತದೆ. ಅದೇ ಹೊತ್ತಿಗೆ ಹಾವು ಎತ್ತರದ ಎಲೆದಟ್ಟಣೆಗೆ ಏರಿ ಇಲಿ, ಹಕ್ಕಿಗಳ ಬೇಟೆಗೆ ತೊಡಗುತ್ತದೆ. ಬಣ್ಣ ತಿರುಗಲು ಕೆಲವು ಹಾವುಗಳಿಗೆ ಕೆಲವೇ ವಾರಗಳು ಸಾಕು, ಬೇರೆ ಕೆಲವಕ್ಕೆ ತಿಂಗಳುಗಳು ಬೇಕು. ಗಬ್ಬದ ಹೆಣ್ಣುಗಳು ಕೆಲವೊಮ್ಮೆ ನೀಲಿ ಛಾಯೆಗೆ ತಿರುಗುತ್ತವೆ.

ಈ ವಿವರ ಕೊಳ್ಳುವವರಿಗೂ ಮುಖ್ಯ. ಅಂಗಡಿಯಲ್ಲಿ ಕಂಡ ಚಿನ್ನದ ಬಣ್ಣದ ಮರಿ ಹಾಗೆಯೇ ಉಳಿಯುವುದಿಲ್ಲ. ಅದು ಬೆಳೆದ ಮೇಲೆ ಯಾವ ಬಗೆಯ ಹಸಿರಾಗುತ್ತದೆ, ಎಷ್ಟು ಬಿಳಿ ಅಥವಾ ನೀಲಿ ಚುಕ್ಕೆ ಪಡೆಯುತ್ತದೆ ಎಂಬುದನ್ನು ಮಾರುವವನೂ ಖಚಿತವಾಗಿ ಹೇಳಲಾರ.

ಸ್ವಭಾವ

ಹಗಲಿನಲ್ಲಿ ಈ ಹಾವು ಅಡ್ಡಕೊಂಬೆಯ ಎರಡೂ ಬದಿಗೆ ತನ್ನ ಸುರುಳಿಗಳನ್ನು ಇಳಿಬಿಟ್ಟು, ನಡುವೆ ತಲೆಯಿಟ್ಟು ಅಲುಗಾಡದೆ ಕುಳಿತಿರುತ್ತದೆ. ಇರುಳಾದೊಡನೆ ತಲೆಯನ್ನು ಕೆಳಗೆ ಇಳಿಬಿಟ್ಟು ಬೇಟೆಗಾಗಿ ಕಾಯುತ್ತದೆ. ಕೆಲವು ಹಾವುಗಳು, ವಿಶೇಷವಾಗಿ ಮರಿಗಳು, ಬಾಲದ ತುದಿಯನ್ನು ಹುಳುವಿನಂತೆ ಅಲುಗಿಸಿ ಬೇಟೆಯನ್ನು ಹತ್ತಿರಕ್ಕೆ ಸೆಳೆಯುತ್ತವೆ. ಹಕ್ಕಿಯೇ ಇದರ ಮುಖ್ಯ ಆಹಾರವೆಂಬ ಹಳೆಯ ನಂಬಿಕೆ ಸರಿಯಲ್ಲ. ಬೆಳೆದ ಹಾವುಗಳ ಆಹಾರದಲ್ಲಿ ಇಲಿಜಾತಿಯ ಪ್ರಾಣಿಗಳದ್ದೇ ದೊಡ್ಡ ಪಾಲು.

ವ್ಯಾಪಾರ ಮತ್ತು ಸಂರಕ್ಷಣೆ

ಹಸಿರು ಮರಹೆಬ್ಬಾವು ಅಳಿವಿನಂಚಿನಲ್ಲಿರುವ ಪ್ರಾಣಿಯಲ್ಲ. ಅದರ ನೆಲೆ ವಿಶಾಲವಾದುದು, ನ್ಯೂಗಿನಿಯ ಕಾಡು ಇನ್ನೂ ದೊಡ್ಡದು. ಆದರೆ ಚಿಕ್ಕ ದ್ವೀಪಗಳ ಹಾವುಗಳ ವಿಷಯ ಬೇರೆ. ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ 2ನೆಯ ಅನುಬಂಧದಲ್ಲಿ ಇದು ಸೇರಿದೆ. ಎಂದರೆ ಪರವಾನಗಿ ಪತ್ರವಿಲ್ಲದೆ ದೇಶದಿಂದ ದೇಶಕ್ಕೆ ಸಾಗಿಸುವಂತಿಲ್ಲ. ಇಂಡೊನೇಷ್ಯಾದ ಕಾನೂನು ಕಾಡಿನಿಂದ ಹಿಡಿದು ಮಾರುವುದನ್ನು ನಿಷೇಧಿಸಿದೆ. ಸಾಕಣೆ ಕೇಂದ್ರಗಳಲ್ಲಿ ಹುಟ್ಟಿದವನ್ನು ಮಾತ್ರ ರಫ್ತು ಮಾಡಬಹುದು. ಆಸ್ಟ್ರೇಲಿಯಾ ತನ್ನ ಕಾಡುಪ್ರಾಣಿಗಳನ್ನು ಸಾಕುಪ್ರಾಣಿ ವ್ಯಾಪಾರಕ್ಕಾಗಿ ಹೊರಗೆ ಕಳುಹಿಸುವುದೇ ಇಲ್ಲ.

ಕಾಗದದ ಮೇಲೆ ಇದು ಒಳ್ಳೆಯ ವ್ಯವಸ್ಥೆ. ಜೆಸ್ಸಿಕಾ ಲಯನ್ಸ್ ಮತ್ತು ಡೇನಿಯಲ್ ನಟುಶ್ ಎಂಬ ಸಂಶೋಧಕರು 2009ರಿಂದ 2011ರವರೆಗೆ ಇಂಡೊನೇಷ್ಯಾದ ಮಾಲುಕು ಮತ್ತು ಪಪುವಾ ಪ್ರಾಂತ್ಯಗಳ ವ್ಯಾಪಾರಿಗಳಲ್ಲಿ ನಡೆಸಿದ ಸಮೀಕ್ಷೆ ಅದರ ಇನ್ನೊಂದು ಮುಖವನ್ನು ತೋರಿಸಿತು. ಅಕ್ರಮವಾಗಿ ಕಾಡಿನಿಂದ ಹಿಡಿದ 4,227 ಹಾವುಗಳನ್ನು ಅವರು ದಾಖಲಿಸಿದರು. ಸಾಕಣೆ ಕೇಂದ್ರದಲ್ಲಿ ಹುಟ್ಟಿದವೆಂಬ ಪತ್ರದೊಂದಿಗೆ ಪ್ರತಿವರ್ಷ ರಫ್ತಾಗುವ ಹಾವುಗಳಲ್ಲಿ ಕನಿಷ್ಠ ಶೇಕಡಾ 80ರಷ್ಟು ವಾಸ್ತವವಾಗಿ ಕಾಡಿನವು ಎಂಬುದು ಅವರ ಅಂದಾಜು. ಕಾಡಿನ ಹಾವು ಕೇಂದ್ರದ ಒಂದು ಬಾಗಿಲಿನಿಂದ ಒಳಹೊಕ್ಕು, ‘ಸಾಕಿದ ಹಾವು’ ಎಂಬ ಹೊಸ ಹೆಸರಿನೊಂದಿಗೆ ಇನ್ನೊಂದು ಬಾಗಿಲಿನಿಂದ ಹೊರಬರುತ್ತಿತ್ತು. ಬಿಯಾಕ್ ದ್ವೀಪದ ಹಾವುಗಳ ಸಂಖ್ಯೆ ಇದರಿಂದ ಕುಗ್ಗಿತೆಂದೂ ಅವರು ತೋರಿಸಿದರು. ಅವರು ಸೂಚಿಸಿದ ಪರಿಹಾರ ಸರಳವಾಗಿದೆ: ಪ್ರತಿ ಮರಿಗೂ ಅದರ ಮೊಟ್ಟೆಯ ಸಿಪ್ಪೆಯನ್ನು ಉಳಿಸಿಕೊಂಡು ತನಿಖೆಯವರಿಗೆ ತೋರಿಸಬೇಕು. ಮೊಟ್ಟೆಯಿಡದ ಕೇಂದ್ರದಲ್ಲಿ ಸಿಪ್ಪೆ ಇರುವುದಿಲ್ಲ.

ಆಯ್ಕೆ

ಮೇಲಿನ ವಿಷಯ ಕೇವಲ ನೀತಿಯ ಪ್ರಶ್ನೆಯಲ್ಲ. ಕಾಡಿನಿಂದ ಹಿಡಿದ ಹಾವು ವಾರಗಟ್ಟಲೆ ಚೀಲ, ಡಬ್ಬಗಳಲ್ಲಿ ನೀರಿಲ್ಲದೆ ಕಳೆದು, ಹೊಟ್ಟೆಯಲ್ಲಿ ಜಂತುಹುಳು, ಮೈಮೇಲೆ ಉಣ್ಣಿ, ಶ್ವಾಸಕೋಶದಲ್ಲಿ ಸೋಂಕು ಹೊತ್ತು ಬಂದಿರುತ್ತದೆ. ಬಹಳ ಸಲ ಅದು ಇಲಿಯನ್ನು ಮುಟ್ಟುವುದೇ ಇಲ್ಲ. ‘ಈ ಹಾವು ಸಾಕಲಾಗದ್ದು, ಬೇಗ ಸಾಯುತ್ತದೆ, ಕಂಡವರಿಗೆಲ್ಲ ಕಚ್ಚುತ್ತದೆ’ ಎಂಬ ಅಪಖ್ಯಾತಿ ಹುಟ್ಟಿದ್ದು ಬಹುಮಟ್ಟಿಗೆ ಇಂತಹ ಹಾವುಗಳಿಂದ. ಸಾಕಿದ ತಾಯ್ತಂದೆಗಳಿಗೆ ಹುಟ್ಟಿ, ಹುಟ್ಟಿದಾಗಿನಿಂದ ಒಂದೇ ಕೈಯಲ್ಲಿ ಬೆಳೆದ ಮರಿಯು ಶಾಂತವಾಗಿಯೂ ಗಟ್ಟಿಯಾಗಿಯೂ ಇರುತ್ತದೆ. ಅದರ ಬೆಲೆ ಹೆಚ್ಚು. ಆದರೆ ಕಡಿಮೆ ಬೆಲೆಯ ಹಾವು ಚಿಕಿತ್ಸೆಯ ಖರ್ಚಿನಲ್ಲಿ ಆ ವ್ಯತ್ಯಾಸವನ್ನು ಬೇಗನೆ ತುಂಬಿಸಿಬಿಡುತ್ತದೆ.

ಮೊಟ್ಟೆಯೊಡೆದ ದಿನ, ತಾಯ್ತಂದೆಗಳ ವಿವರ, ಪೊರೆ ಕಳಚಿದ ಮತ್ತು ಆಹಾರ ತಿಂದ ದಿನಾಂಕಗಳನ್ನು ಬರೆದಿಟ್ಟ ಪಟ್ಟಿಯನ್ನು ಮಾರುವವರಿಂದ ಕೇಳಿ ಪಡೆಯುವುದು ರೂಢಿ. ಪಟ್ಟಿ ಕೊಡಲು ಹಿಂಜರಿಯುವವರಿಂದ ಕೊಳ್ಳದಿರುವುದೇ ಲೇಸು. ಆಗತಾನೆ ಹುಟ್ಟಿದ ಮರಿಯನ್ನು ಹೊಸಬರು ತೆಗೆದುಕೊಳ್ಳಬಾರದು. ಮರಿಗಳು ಮೊದಲ ಪೊರೆ ಕಳಚಿದ ಮೇಲೆ ಆಹಾರಕ್ಕೆ ಬಾಯಿ ಹಾಕುತ್ತವೆ. ಆ ಮೊದಲ ಕೆಲವು ಊಟಗಳನ್ನು ತಿನ್ನಿಸುವುದೇ ಸಾಕಣೆಯ ಅತ್ಯಂತ ಸೂಕ್ಷ್ಮ ಕೆಲಸ. ಆರು ತಿಂಗಳಿಂದ ಒಂದು ವರ್ಷ ತುಂಬಿದ, ಕರಗಿಸಿದ ಇಲಿಮರಿಯನ್ನು ತಾನಾಗಿ ತಿನ್ನುತ್ತಿರುವ ಹಾವು ಸೂಕ್ತ.

ಆರೋಗ್ಯವಂತ ಹಾವು ಹಗಲಿನಲ್ಲಿ ಬಿಗಿಯಾಗಿ ಸುರುಳಿ ಸುತ್ತಿ ಕೊಂಬೆಯ ಮೇಲಿರುತ್ತದೆ. ಸಡಿಲವಾಗಿ ಜೋತುಬಿದ್ದಿದ್ದರೆ, ಹಗಲೆಲ್ಲ ನೆಲದ ಮೇಲೆ ಮಲಗಿದ್ದರೆ, ಬಾಯಿ ಅರೆತೆರೆದು ತಲೆಯನ್ನು ಮೇಲಕ್ಕೆ ಚಾಚಿದ್ದರೆ, ಮೂಗಿನ ಬಳಿ ಗುಳ್ಳೆಗಳಿದ್ದರೆ ಕಾಯಿಲೆಯ ಶಂಕೆ ಪಡಬೇಕು. ಬೆನ್ನೆಲುಬನ್ನು, ಅದರಲ್ಲಿಯೂ ಬಾಲವನ್ನು, ಗಮನವಿಟ್ಟು ನೋಡಬೇಕು. ಎಳೆಯ ಮರಿಯ ಬಾಲ ಬಹಳ ನಾಜೂಕು; ಕೊಂಬೆಯಿಂದ ಜಗ್ಗಿ ಬಿಡಿಸಿದರೆ ಅಥವಾ ಲಿಂಗ ತಿಳಿಯುವ ಅವಸರದಲ್ಲಿ ಹಿಸುಕಿದರೆ ಮೂಳೆ ಪೆಟ್ಟಾಗಿ ಶಾಶ್ವತವಾದ ಡೊಂಕು ಉಳಿಯುತ್ತದೆ. ಆದ್ದರಿಂದ ಚಿಕ್ಕ ಮರಿಯ ಲಿಂಗವನ್ನು ಖಾತರಿಪಡಿಸಿ ಕೊಡುವ ಮಾರಾಟಗಾರನ ಮಾತು ಭರವಸೆಗಿಂತ ಎಚ್ಚರಿಕೆಗೆ ಕಾರಣವಾಗಬೇಕು.

ಸಾಕುವವರು ಹಾವುಗಳನ್ನು ಮೂಲಸ್ಥಳದ ಹೆಸರಿನಿಂದ ಗುರುತಿಸುತ್ತಾರೆ: ಆರು, ಬಿಯಾಕ್, ಸೊರೊಂಗ್, ಜಯಪುರ, ಮೆರೌಕೆ, ಮನೊಕ್ವಾರಿ ಇತ್ಯಾದಿ. ಆರು ದ್ವೀಪದವು ಬೆನ್ನಿನ ಬಿಳಿ ಗುರುತುಗಳಿಗೂ ಸೌಮ್ಯತೆಗೂ, ಬಿಯಾಕ್‌ನವು ಉದ್ದ ಮೂತಿಗೂ ಮುಂಗೋಪಕ್ಕೂ ಹೆಸರಾಗಿವೆ. ಆದರೆ ಈ ಹೆಸರುಗಳಲ್ಲಿ ಹಲವು ಹಾವನ್ನು ಹಿಡಿದ ಊರಿನವಲ್ಲ, ರಫ್ತಾದ ಬಂದರಿನವು. ಅವುಗಳಿಗೆ ಹೆಚ್ಚು ಬೆಲೆ ತೆರುವುದರಲ್ಲಿ ಅರ್ಥವಿಲ್ಲ.

ಗೂಡು, ಶಾಖ ಮತ್ತು ತೇವ

ಬೆಳೆದ ಒಂದು ಹಾವಿಗೆ ಉದ್ದ, ಅಗಲ, ಎತ್ತರ ತಲಾ 60 ಸೆಂ.ಮೀ. ಇರುವ ಗೂಡು ಕನಿಷ್ಠ ಅಗತ್ಯ; 90 ಸೆಂ.ಮೀ. ಉದ್ದವಿದ್ದರೆ ಇನ್ನೂ ಒಳ್ಳೆಯದು. ಒಂದು ಗೂಡಿನಲ್ಲಿ ಒಂದೇ ಹಾವು ಇರಬೇಕು. ಮರದ ಹಾವಾದರೂ ಇದಕ್ಕೆ ಎತ್ತರಕ್ಕಿಂತ ಅಡ್ಡಕೊಂಬೆಗಳು ಮುಖ್ಯ. ಹಾವಿನ ಮೈಯಷ್ಟೇ ದಪ್ಪದ ಎರಡು ಮೂರು ಕೊಂಬೆಗಳನ್ನು ನೆಲಕ್ಕೆ ಸಮಾನಾಂತರವಾಗಿ, ಬೇರೆ ಬೇರೆ ಎತ್ತರದಲ್ಲಿ ಇಡಬೇಕು. ಸುಲಭವಾಗಿ ಕಳಚಿ ತೆಗೆಯಬಹುದಾದ ಕೊಂಬೆಯಾದರೆ ಶುಚಿಗೊಳಿಸುವ ದಿನ ಹಾವನ್ನು ಮುಟ್ಟದೆ, ಕೊಂಬೆಯ ಸಮೇತ ಹೊರಗೆತ್ತಬಹುದು. ಗಾಜಿನ ಆಚೆ ಸದಾ ಜನರ ಓಡಾಟವಿದ್ದರೆ ಹಾವು ಊಟ ಬಿಡುತ್ತದೆ. ಎಲೆಗಳ ಮರೆ ಇದ್ದರೆ ನೆಮ್ಮದಿಯಾಗಿರುತ್ತದೆ. ಮರಿಗಳನ್ನು ದೊಡ್ಡ ಗೂಡಿನಲ್ಲಿ ಬಿಡದೆ ಚಿಕ್ಕ ಪೆಟ್ಟಿಗೆಯಲ್ಲಿ ಬೆಳೆಸುತ್ತಾರೆ.

ಗೂಡಿನ ಒಂದು ಬದಿಯ ಕೊಂಬೆಯ ಮೇಲೆ 30ರಿಂದ 31 ಡಿಗ್ರಿ ಸೆಲ್ಸಿಯಸ್ ಶಾಖವಿರಬೇಕು, ಇನ್ನೊಂದು ಬದಿ 25-26 ಡಿಗ್ರಿಯಷ್ಟು ತಂಪಾಗಿರಬೇಕು. ಇರುಳಿನಲ್ಲಿ ಎರಡು ಮೂರು ಡಿಗ್ರಿ ಇಳಿದರೆ ತೊಂದರೆಯಿಲ್ಲ. ಹಾವು ತನ್ನ ಮೈಶಾಖವನ್ನು ಸ್ಥಳ ಬದಲಿಸಿ ಹೊಂದಿಸಿಕೊಳ್ಳುವ ಪ್ರಾಣಿಯಾದ್ದರಿಂದ ಈ ಏರಿಳಿತವನ್ನು ಗೂಡಿನೊಳಗೇ ಒದಗಿಸಬೇಕು. ಶಾಖದ ಉಪಕರಣಕ್ಕೆ ಥರ್ಮೋಸ್ಟಾಟ್ ಕಡ್ಡಾಯ. ಅದಿಲ್ಲದ ಬಲ್ಬು ಸುಟ್ಟ ಗಾಯಕ್ಕೂ ಸಾವಿಗೂ ಕಾರಣವಾಗಿದೆ.

ತೇವದ ವಿಷಯದಲ್ಲಿಯೇ ಹೊಸಬರು ಹೆಚ್ಚಾಗಿ ಎಡವುವುದು. ಮಳೆಕಾಡಿನ ಹಾವು ಎಂದ ಮಾತ್ರಕ್ಕೆ ಗೂಡನ್ನು ದಿನವಿಡೀ ಒದ್ದೆಯಾಗಿಟ್ಟು, ತೇವ ಆರದಿರಲೆಂದು ಗಾಳಿಕಿಂಡಿಗಳನ್ನು ಮುಚ್ಚುತ್ತಾರೆ. ಕಾಡಿನಲ್ಲಿ ಮಳೆ ಸುರಿಯುತ್ತದೆ, ನಿಲ್ಲುತ್ತದೆ, ಎಲೆಗಳು ಗಾಳಿಗೆ ಒಣಗುತ್ತವೆ. ಗೂಡಿನಲ್ಲಿಯೂ ಅದೇ ಲಯ ಬೇಕು. ಸಂಜೆ ಒಮ್ಮೆ ನೀರು ಸಿಂಪಡಿಸಿ, ಮರುದಿನದ ಹೊತ್ತಿಗೆ ಕೊಂಬೆ, ಗೋಡೆಗಳು ಪೂರ್ತಿ ಒಣಗುವಂತೆ ಗಾಳಿಯಾಡಿಸಬೇಕು. ಸಾಪೇಕ್ಷ ಆರ್ದ್ರತೆ ಶೇಕಡಾ 50ರಿಂದ 80ರ ನಡುವೆ ಏರಿಳಿಯುತ್ತಿದ್ದರೆ ಸಾಕು. ಪೊರೆ ಬಿಡುವ ದಿನಗಳಲ್ಲಿ ತುಸು ಹೆಚ್ಚಿಸುತ್ತಾರೆ. ಹಾವು ಸುರುಳಿಗಳ ಮೇಲೆ ನಿಂತ ನೀರಹನಿಗಳನ್ನು ಕುಡಿಯುತ್ತದೆ. ಆದರೂ ಶುದ್ಧ ನೀರಿನ ಅಗಲವಾದ ಬಟ್ಟಲು ಯಾವಾಗಲೂ ಗೂಡಿನಲ್ಲಿರಬೇಕು. ಪೊರೆಯು ಒಂದೇ ತುಂಡಾಗಿ ಕಳಚಿದರೆ ತೇವ ಸರಿಯಾಗಿದೆ ಎಂದು ತಿಳಿಯಬಹುದು.

ಆಹಾರ

ಮರಿಗೆ ವಾರಕ್ಕೊಮ್ಮೆ, ಬೆಳೆದ ಹಾವಿಗೆ ಎರಡು ಮೂರು ವಾರಗಳಿಗೊಮ್ಮೆ ಇಲಿ ಸಾಕಾಗುತ್ತದೆ. ಇಲಿಯ ಗಾತ್ರ ಹಾವಿನ ಮೈಯ ಅತ್ಯಂತ ದಪ್ಪ ಭಾಗವನ್ನು ಮೀರಬಾರದು. ಹೆಪ್ಪುಗಟ್ಟಿಸಿ ಇಟ್ಟ ಇಲಿಯನ್ನು ಕರಗಿಸಿ, ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ, ಉದ್ದನೆಯ ಇಕ್ಕುಳದಿಂದ ಕತ್ತಲಾದ ಮೇಲೆ ಹಿಡಿಯಬೇಕು. ಜೀವಂತ ಇಲಿ ಹಾವನ್ನೇ ಕಚ್ಚಿ ಗಾಯಗೊಳಿಸಬಹುದು. ಊಟ ಬಿಟ್ಟ ಮರಿಗೆ ಇಲಿಯ ಮೇಲೆ ಕೋಳಿಮರಿಯ ಪುಕ್ಕವನ್ನು ಉಜ್ಜಿ ವಾಸನೆ ಹಿಡಿಸುವ ಉಪಾಯವನ್ನು ಅನುಭವಿಗಳು ಬಳಸುತ್ತಾರೆ. ಬೆಳೆದ ಗಂಡುಗಳು ಬೆದೆಯ ಕಾಲದಲ್ಲಿ ತಿಂಗಳುಗಟ್ಟಲೆ ಉಪವಾಸವಿರುವುದು ಸಹಜ.

ಗೂಡಿನಲ್ಲಿ ಅಲುಗದೆ ಕೂರುವ ಈ ಹಾವಿಗೆ ಶ್ರಮವಿಲ್ಲ. ಪ್ರೀತಿಯಿಂದ ಹೆಚ್ಚು ಹೆಚ್ಚು ತಿನ್ನಿಸಿದರೆ ಕೊಬ್ಬು ಬೆಳೆದು, ಮಲಬದ್ಧತೆಯುಂಟಾಗಿ, ಕೊನೆಗೆ ಕರುಳಿನ ತುದಿ ಮಲದ್ವಾರದಿಂದ ಹೊರಬರುವ ಅಪಾಯವಿದೆ. ಊಟದ ದಿನಾಂಕದ ಜೊತೆಗೆ ಮಲವಿಸರ್ಜನೆಯ ದಿನಾಂಕವನ್ನೂ ಬರೆದಿಡುವುದು ಅದಕ್ಕಾಗಿಯೇ.

ಮುಟ್ಟುವುದು ಮತ್ತು ಕಚ್ಚುವಿಕೆ

ಇದು ನೋಡಿ ಸಂತೋಷಪಡಬೇಕಾದ ಹಾವು, ಕೈಯಲ್ಲಿ ಹಿಡಿದು ಆಡಿಸುವ ಹಾವಲ್ಲ. ಹಗಲಿನಲ್ಲಿ ಸುರುಳಿಯನ್ನು ಬಿಡಿಸಿ ಎತ್ತುವುದು ಅದಕ್ಕೆ ಹಿಂಸೆ. ಇರುಳಿನಲ್ಲಿ ಗೂಡಿನೊಳಗೆ ಬಂದ ಬೆಚ್ಚನೆಯ ವಸ್ತುವೆಲ್ಲ ಅದಕ್ಕೆ ಬೇಟೆಯೇ. ಮನುಷ್ಯನ ಕೈಯನ್ನು ಬೇರೆಯಾಗಿ ತಿಳಿಯುವ ಕಾರಣ ಅದಕ್ಕಿಲ್ಲ. ಅನಿವಾರ್ಯವಾದಾಗ ಹಾವು ಹಿಡಿಯುವ ಕೊಕ್ಕೆಯಿಂದ ಮೆಲ್ಲನೆ ಮುಟ್ಟಿ ಎಚ್ಚರಿಸಿ, ಬಾಲದ ಹಿಡಿತ ತಾನಾಗಿ ಸಡಿಲುವಂತೆ ಮಾಡಿ ಎತ್ತುತ್ತಾರೆ. ಊಟವಾದ ಮೂರು ನಾಲ್ಕು ದಿನ, ಪೊರೆ ಬಿಡುವ ಕಾಲ, ಹಾವು ಹೊಸದಾಗಿ ಮನೆಗೆ ಬಂದ ಮೊದಲ ವಾರಗಳು ಇದಕ್ಕೆ ವರ್ಜ್ಯ.

ಕಚ್ಚಿದರೆ ವಿಷವೇರುವುದಿಲ್ಲ, ಆದರೆ ಉದ್ದ ಹಲ್ಲುಗಳಿಂದ ಆಳವಾದ ಗಾಯವಾಗುತ್ತದೆ. ಹಲ್ಲು ಮುರಿದು ಒಳಗೆ ಉಳಿಯಲೂಬಹುದು. ಕೈಯನ್ನು ಥಟ್ಟನೆ ಎಳೆದುಕೊಂಡರೆ ಚರ್ಮ ಹರಿಯುತ್ತದೆ, ಹಾವಿನ ದವಡೆಗೂ ಪೆಟ್ಟಾಗುತ್ತದೆ. ಗಾಯವನ್ನು ಸೋಪಿನಿಂದ ತೊಳೆದು ವೈದ್ಯರಿಗೆ ತೋರಿಸಬೇಕು. ಮುಖದ ಹತ್ತಿರ ಹಾವನ್ನು ತರಬಾರದು. ಸರೀಸೃಪಗಳ ಮೈಯಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರುವುದರಿಂದ ಗೂಡಿನ ಕೆಲಸ ಮುಗಿದೊಡನೆ ಕೈತೊಳೆಯುವುದು ಅಗತ್ಯ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಇನ್ನೂ ಹೆಚ್ಚು.

ರೋಗಗಳು

ಶ್ವಾಸಕೋಶದ ಸೋಂಕು ಸಾಮಾನ್ಯ. ಗಾಳಿಯಿಲ್ಲದ ಒದ್ದೆ ಗೂಡು, ಶಾಖದ ಕೊರತೆ ಇದಕ್ಕೆ ಕಾರಣ. ಆದರೆ ಎಲ್ಲವೂ ಗೂಡಿನ ದೋಷವಲ್ಲ. 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಹಸಿರು ಮರಹೆಬ್ಬಾವುಗಳ ಮಾರಕ ನ್ಯುಮೋನಿಯಾಕ್ಕೂ ನಿಡೊವೈರಸ್ ಎಂಬ ವೈರಾಣುವಿಗೂ ಇರುವ ಸಂಬಂಧವನ್ನು ತೋರಿಸಿತು. ಬಾಯಿಯಲ್ಲಿ ಲೋಳೆ, ಉಸಿರಾಟದಲ್ಲಿ ಸದ್ದು, ಊಟ ಬಿಡುವುದು ಅದರ ಲಕ್ಷಣಗಳು. ಯಾವ ಲಕ್ಷಣವೂ ಇಲ್ಲದೆ ವೈರಾಣುವನ್ನು ಹೊತ್ತಿರುವ ಹಾವುಗಳೂ ಉಂಟು. ಇದಕ್ಕೆ ಖಚಿತ ಔಷಧವಿಲ್ಲ. ಹೀಗಾಗಿ ಹೊಸ ಹಾವನ್ನು ಕನಿಷ್ಠ ಮೂರು ತಿಂಗಳು ಬೇರೆ ಕೋಣೆಯಲ್ಲಿ, ಬೇರೆ ಸಲಕರಣೆಗಳೊಂದಿಗೆ ಇರಿಸಿ, ಬಾಯಿಯ ದ್ರವದ ಪರೀಕ್ಷೆ ಮಾಡಿಸುವುದು ಈಗ ಒಳ್ಳೆಯ ಸಾಕಣೆಯ ಭಾಗವಾಗಿದೆ. ಸರೀಸೃಪಗಳನ್ನು ಬಲ್ಲ ಪಶುವೈದ್ಯರು ಎಲ್ಲ ಊರುಗಳಲ್ಲಿ ದೊರೆಯುವುದಿಲ್ಲ. ಹಾವನ್ನು ತರುವ ಮುನ್ನವೇ ಅಂಥವರನ್ನು ಹುಡುಕಿಕೊಂಡಿರಬೇಕು.

ಸಂತಾನ

ವಾಷಿಂಗ್ಟನ್ ನಗರದ ರಾಷ್ಟ್ರೀಯ ಮೃಗಾಲಯದಲ್ಲಿ ಟ್ರೂಪರ್ ವಾಲ್ಶ್ 1970ರ ದಶಕದಲ್ಲಿ ಈ ಹಾವಿನ ಸಂತಾನವೃದ್ಧಿಯ ಕ್ರಮವನ್ನು ದಾಖಲಿಸಿದವರಲ್ಲಿ ಮೊದಲಿಗರು. ಹೆಣ್ಣು ಸಾಮಾನ್ಯವಾಗಿ ಹತ್ತರಿಂದ ಇಪ್ಪತ್ತೈದು ಮೊಟ್ಟೆಗಳನ್ನಿಟ್ಟು, ಅವುಗಳ ಸುತ್ತ ಸುರುಳಿ ಸುತ್ತಿ ಸುಮಾರು ಏಳು ವಾರ ಊಟವಿಲ್ಲದೆ ಕಾಯುತ್ತದೆ. ಅಗತ್ಯವಿದ್ದಾಗ ಮಾಂಸಖಂಡಗಳನ್ನು ನಡುಗಿಸಿ ಶಾಖವನ್ನು ಹುಟ್ಟಿಸುತ್ತದೆ. ಮರಿಗಳು ಹೊರಬಂದ ಮೇಲೆ ತಾಯಿಗೂ ಅವಕ್ಕೂ ಸಂಬಂಧವಿಲ್ಲ. ಚೆನ್ನಾಗಿ ಸಾಕಿದ ಹಾವು ಇಪ್ಪತ್ತು ವರ್ಷದವರೆಗೆ ಬದುಕಬಲ್ಲದು. ಹದಿನೈದನೆಯ ವಯಸ್ಸಿನಲ್ಲಿ ಆಸೆಪಟ್ಟು ತಂದ ಹಾವು, ತಂದವನು ಓದು ಮುಗಿಸಿ, ಉದ್ಯೋಗ ಹಿಡಿದು, ಬೇರೆ ಊರಿಗೆ ಹೋದ ಮೇಲೆಯೂ ಗೂಡಿನಲ್ಲಿರುತ್ತದೆ ಎಂಬುದನ್ನು ಕೊಳ್ಳುವ ಮನೆಯವರು ಲೆಕ್ಕ ಹಾಕಬೇಕಾಗುತ್ತದೆ.

ಭಾರತದಲ್ಲಿ

ಹಸಿರು ಮರಹೆಬ್ಬಾವು ಭಾರತದ ಪ್ರಾಣಿಯಲ್ಲ. ಭಾರತದ ಹೆಬ್ಬಾವನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 1ನೆಯ ಅನುಸೂಚಿ ರಕ್ಷಿಸುತ್ತದೆ. ಅದನ್ನು ಹಿಡಿಯುವುದೂ ಮನೆಯಲ್ಲಿ ಸಾಕುವುದೂ ಅಪರಾಧ. ವಿದೇಶಿ ಪ್ರಾಣಿಗಳ ಬಗ್ಗೆ ಈ ಕಾಯ್ದೆ ಬಹುಕಾಲ ಮೌನವಾಗಿತ್ತು. 2020ರ ಜೂನ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯವು ವಿದೇಶಿ ಪ್ರಾಣಿಗಳನ್ನು ಇಟ್ಟುಕೊಂಡವರು ಸ್ವಯಂಪ್ರೇರಿತರಾಗಿ ಘೋಷಿಸಿಕೊಳ್ಳಲು ಅವಕಾಶ ಕೊಟ್ಟಿತು. 2022ರ ತಿದ್ದುಪಡಿಯು ಸೈಟಿಸ್ ಪಟ್ಟಿಯ ಪ್ರಾಣಿಗಳನ್ನು ಕಾಯ್ದೆಯ 4ನೆಯ ಅನುಸೂಚಿಗೆ ಸೇರಿಸಿತು. 2024ರ ನಿಯಮಗಳ ಪ್ರಕಾರ ಅಂತಹ ಪ್ರಾಣಿಯನ್ನು ಹೊಂದಿರುವುದು, ಅದು ಮರಿಮಾಡಿದ್ದು, ಕೈಬದಲಾಗಿದ್ದು, ಸತ್ತದ್ದು ಎಲ್ಲವನ್ನೂ ಪರಿವೇಶ್ ಜಾಲತಾಣದ ಮೂಲಕ ತಿಳಿಸಿ ನೋಂದಾಯಿಸಬೇಕು. ಹೊರದೇಶದಿಂದ ತರಲು ಸೈಟಿಸ್ ಪತ್ರದ ಜೊತೆಗೆ ಆಮದು ಪರವಾನಗಿಯೂ ಬೇಕು.

ಈ ದಾರಿಯನ್ನು ಬಿಟ್ಟು ಬರುವ ಹಾವುಗಳು ಹೇಗೆ ಬರುತ್ತವೆ ಎಂಬುದು ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಪ್ರಕರಣಗಳಿಂದ ತಿಳಿಯುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕಾಕ್‌ನಿಂದ ಬಂದ ಸಾಮಾನಿನಲ್ಲಿ ಆಫ್ರಿಕಾ ಮೂಲದ 55 ಬಾಲ್ ಹೆಬ್ಬಾವುಗಳು, 17 ಕಾಳಿಂಗ ಸರ್ಪಗಳು ಜೀವಂತವಾಗಿಯೂ ಆರು ಕ್ಯಾಪುಚಿನ್ ಕೋತಿಗಳು ಸತ್ತ ಸ್ಥಿತಿಯಲ್ಲಿಯೂ ಸಿಕ್ಕವು. 2024ರ ಏಪ್ರಿಲ್‌ನಲ್ಲಿ ಅದೇ ನಗರದಿಂದ ಬಂದ ಪ್ರಯಾಣಿಕನೊಬ್ಬನ ಪೆಟ್ಟಿಗೆಯಲ್ಲಿ ಹತ್ತು ಹಳದಿ ಅನಕೊಂಡಗಳಿದ್ದವು. ಇವೆರಡರಲ್ಲಿಯೂ ಮರಹೆಬ್ಬಾವು ಇರಲಿಲ್ಲ. ಆದರೆ ನೋಂದಣಿ ಪತ್ರವಿಲ್ಲದೆ ಮಾರಾಟಕ್ಕೆ ಸಿಗುವ ಯಾವುದೇ ವಿದೇಶಿ ಹಾವು ಇಂಥದೇ ಪೆಟ್ಟಿಗೆಯೊಂದರಲ್ಲಿ ಬಂದಿರುವ ಸಾಧ್ಯತೆಯಿದೆ. ಸಾಕಲಾಗದೆ ಉಳಿದ ಹಾವನ್ನು ಹತ್ತಿರದ ಕಾಡಿಗೆ ಬಿಡುವುದು ಕಾನೂನಿಗೆ ವಿರುದ್ಧ. ಅದರ ಮೈಯಲ್ಲಿರುವ ವೈರಾಣು, ಹುಳುಗಳು ಸ್ಥಳೀಯ ಹಾವುಗಳಿಗೆ ತಗಲುವ ಅಪಾಯವೂ ಇದೆ. ಅಂತಹ ಸಂದರ್ಭದಲ್ಲಿ ಅರಣ್ಯ ಇಲಾಖೆಗೆ ತಿಳಿಸಬೇಕು.